ಗ್ರಾಫಿಕ್ಸ್ ಕಾರ್ಡ್ ಓವರ್‌ಕ್ಲಾಕಿಂಗ್

ಗ್ರಾಫಿಕ್ಸ್ ಕಾರ್ಡಿನ ಚಿಪ್ಪನ್ನೂ ಅದರ ಸುತ್ತಲಿನ ಮೆಮೊರಿಯನ್ನೂ ತಯಾರಕರು ಗೊತ್ತುಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವುದೇ ಓವರ್‌ಕ್ಲಾಕಿಂಗ್. ಜಿಪಿಯು ಎಂದು ಕರೆಯುವ ಈ ಚಿಪ್ಪಿನೊಳಗಿನ ಕೆಲಸವೆಲ್ಲ ಒಂದು ಕ್ಲಾಕ್ ಸಂಕೇತದ ಮಿಡಿತವನ್ನು ಅನುಸರಿಸಿ ನಡೆಯುತ್ತದೆ. ಮಿಡಿತ ಚುರುಕಾದಷ್ಟೂ ಪರದೆಯ ಮೇಲೆ ಸೆಕೆಂಡಿಗೆ ಮೂಡುವ ಫ್ರೇಮುಗಳು ಹೆಚ್ಚುತ್ತವೆ. ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಇದನ್ನು ಉಚಿತ ತಂತ್ರಾಂಶದಿಂದಲೇ ಮಾಡಬಹುದು; ಕಾರ್ಡನ್ನು ಬಿಚ್ಚಬೇಕಾಗಿಲ್ಲ. ಇತ್ತೀಚಿನ ಕಾರ್ಡುಗಳಲ್ಲಿ ಇದರಿಂದ ಸಿಗುವ ಲಾಭ ದೊಡ್ಡದಲ್ಲ. ಬಹುತೇಕ ಗೇಮ್‌ಗಳಲ್ಲಿ ಅದು ಶೇಕಡಾ ಹತ್ತರ ಒಳಗೇ ನಿಲ್ಲುತ್ತದೆ.

ಈ ಲಾಭಕ್ಕೆ ಎಡೆ ಸಿಗುವುದು ತಯಾರಕರು ಬಿಟ್ಟಿರುವ ಸುರಕ್ಷತೆಯ ಅಂಚಿನಿಂದ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳೂ ಒಂದರಂತೆ ಒಂದಿರುವುದಿಲ್ಲ. ಕೆಲವು ಕಡಿಮೆ ವೋಲ್ಟೇಜಿನಲ್ಲೇ ವೇಗವಾಗಿ ಓಡಿದರೆ, ಕೆಲವಕ್ಕೆ ಅದೇ ವೇಗಕ್ಕೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಮಾರಾಟಕ್ಕೆ ಹೋಗುವ ಅತಿ ದುರ್ಬಲ ಚಿಪ್ಪೂ ಬಿಸಿಲೂರಿನ ಕೋಣೆಯಲ್ಲಿ, ಧೂಳು ಹಿಡಿದ ಕ್ಯಾಬಿನೆಟ್ಟಿನೊಳಗೆ, ವರ್ಷಗಟ್ಟಲೆ ತಪ್ಪಿಲ್ಲದೆ ದುಡಿಯಬೇಕೆಂದು ಕಂಪನಿ ಚಿಪ್ಪಿನ ವೇಗವನ್ನು ಗೊತ್ತುಮಾಡುತ್ತದೆ. ಒಳ್ಳೆಯ ಚಿಪ್ಪಿನಲ್ಲಿ ಹೀಗೆ ಉಳಿದ ಅಂಚನ್ನು ಬಳಸಿಕೊಳ್ಳುವುದೇ ಓವರ್‌ಕ್ಲಾಕಿಂಗಿನ ತಿರುಳು. ಒಬ್ಬರ ಕಾರ್ಡಿಗೆ ಒಗ್ಗಿದ ಅಂಕಿಗಳನ್ನು ಅದೇ ಮಾದರಿಯ ಇನ್ನೊಂದು ಕಾರ್ಡಿಗೆ ಕಣ್ಣುಮುಚ್ಚಿ ಹಾಕುವಂತಿಲ್ಲ ಎನ್ನುವುದಕ್ಕೆ ಕಾರಣವೂ ಇದೇ.

2012ರ ಮಾರ್ಚಿನಲ್ಲಿ ಎನ್‌ವಿಡಿಯಾ ಕಂಪನಿಯ ಜಿಟಿಎಕ್ಸ್ 680 ಬಂದ ಮೇಲೆ ಈ ವಿದ್ಯೆಯ ಸ್ವರೂಪವೇ ಬದಲಾಯಿತು. ಅಲ್ಲಿಯವರೆಗೆ ಕಾರ್ಡಿಗೊಂದು ಸ್ಥಿರ ವೇಗವಿರುತ್ತಿತ್ತು, ಬಳಕೆದಾರರು ಆ ಅಂಕಿಯನ್ನು ಏರಿಸುತ್ತಿದ್ದರು. ಆ ಕಾರ್ಡಿನೊಡನೆ ಬಂದ ಜಿಪಿಯು ಬೂಸ್ಟ್ ವ್ಯವಸ್ಥೆ, ವಿದ್ಯುತ್ ಮತ್ತು ತಾಪದ ಮಿತಿಯೊಳಗೆ ಎಷ್ಟು ಸಾಧ್ಯವೋ ಅಷ್ಟು ವೇಗವನ್ನು ತಾನೇ ಏರಿಸಿಕೊಳ್ಳತೊಡಗಿತು. ಈಗಿನ ಕಾರ್ಡುಗಳು ಪೆಟ್ಟಿಗೆಯಿಂದ ಹೊರಬರುವಾಗಲೇ ಒಂದಿಷ್ಟು ಓವರ್‌ಕ್ಲಾಕ್ ಆದಂತೆಯೇ ಲೆಕ್ಕ. ಯಾವ ವೋಲ್ಟೇಜಿಗೆ ಎಷ್ಟು ವೇಗ ಎಂಬ ಒಂದು ರೇಖೆ ಕಾರ್ಡಿನೊಳಗಿರುತ್ತದೆ. ತಂತ್ರಾಂಶದಲ್ಲಿ 100 ಮೆಗಾಹರ್ಟ್ಸ್ ಸೇರಿಸಿದಾಗ ಆ ರೇಖೆ ಇಡಿಯಾಗಿ ಅಷ್ಟು ಮೇಲಕ್ಕೆ ಸರಿಯುತ್ತದೆ. ಅಂದರೆ ಅದೇ ವೋಲ್ಟೇಜಿನಲ್ಲಿ ಮೊದಲಿಗಿಂತ 100 ಮೆಗಾಹರ್ಟ್ಸ್ ಹೆಚ್ಚು ಓಡಬೇಕೆಂದು ಚಿಪ್ಪಿಗೆ ಹೇಳಿದಂತಾಗುತ್ತದೆ.

ಹೀಗೆ ಏರಿಸುವಾಗ ಮೊದಲು ಅಡ್ಡ ಬರುವುದು ಹೆಚ್ಚಾಗಿ ವಿದ್ಯುತ್ತು ಮತ್ತು ಬಿಸಿ. ಚಿಪ್ಪು ಕೆಲಸ ಮಾಡುವಾಗ ಬಳಸುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ವೇಗ, ವೋಲ್ಟೇಜ್ ಎರಡನ್ನೂ ಶೇಕಡಾ 10ರಷ್ಟು ಹೆಚ್ಚಿಸಿದರೆ ಈ ಬಳಕೆ ಶೇಕಡಾ 33ರಷ್ಟು ಹೆಚ್ಚುತ್ತದೆ. ಆ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು.

2016ರ ಮೇ ತಿಂಗಳಲ್ಲಿ ಬಿಡುಗಡೆಯಾದ ಜಿಟಿಎಕ್ಸ್ 1080 ಇದಕ್ಕೆ ಒಳ್ಳೆಯ ನಿದರ್ಶನ. ಇದರ ಮೂಲ ವೇಗ 1607 ಮೆಗಾಹರ್ಟ್ಸ್, ಘೋಷಿತ ಬೂಸ್ಟ್ ವೇಗ 1733 ಮೆಗಾಹರ್ಟ್ಸ್. ಅಮೆರಿಕದ ಆಸ್ಟಿನ್ ನಗರದಲ್ಲಿ ನಡೆದ ಅನಾವರಣದಲ್ಲಿ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹ್ವಾಂಗ್ ಈ ಕಾರ್ಡು 67 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ 2114 ಮೆಗಾಹರ್ಟ್ಸ್ ಮುಟ್ಟಿದ್ದನ್ನು ತೋರಿಸಿದರು. ಲೆಕ್ಕ ಹಾಕಿದರೆ ಘೋಷಿತ ಬೂಸ್ಟ್ ವೇಗಕ್ಕಿಂತ ಶೇಕಡಾ 22ರ ಏರಿಕೆ. ಆದರೆ ಏನನ್ನೂ ಬದಲಿಸದ ಕಾರ್ಡು ಕೂಡ ತಂಪಾಗಿರುವಾಗ ಘೋಷಿತ ವೇಗವನ್ನು ದಾಟಿ 1800ರ ಆಸುಪಾಸು ಓಡುತ್ತಿತ್ತು. ಮನೆಗಳಲ್ಲಿ ಓವರ್‌ಕ್ಲಾಕ್ ಮಾಡಿದ ಹೆಚ್ಚಿನ ಕಾರ್ಡುಗಳು 2000ದಿಂದ 2100ರ ನಡುವೆ ನಿಲ್ಲುತ್ತಿದ್ದವು. ಹೋಲಿಸಬೇಕಾದದ್ದು ಈ ಎರಡು ನಿಜವಾದ ವೇಗಗಳನ್ನು. ಪೆಟ್ಟಿಗೆಯ ಮೇಲಿನ ಅಂಕಿಯೊಡನೆ ಹೋಲಿಸಿದರೆ ಲಾಭ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಈ ಕಾರ್ಡಿನ ವಿದ್ಯುತ್ ಲೆಕ್ಕವೂ ಪಾಠದಂತಿದೆ. ಅದರ ಗೊತ್ತಾದ ಬಳಕೆ 180 ವಾಟ್. ಮದರ್‌ಬೋರ್ಡಿನ ಸ್ಲಾಟಿನಿಂದ 75 ವಾಟ್, 8 ಪಿನ್ನಿನ ಒಂದು ಕನೆಕ್ಟರಿನಿಂದ 150 ವಾಟ್, ಹೀಗೆ ಒಟ್ಟು 225 ವಾಟ್ ಸಿಗುತ್ತದೆ. ಎನ್‌ವಿಡಿಯಾದ ಸ್ವಂತ ಮಾದರಿಯಲ್ಲಿ ವಿದ್ಯುತ್ ಮಿತಿಯನ್ನು ಶೇಕಡಾ 120ರವರೆಗೆ, ಅಂದರೆ 216 ವಾಟ್‌ಗೆ ಮಾತ್ರ ಏರಿಸಬಹುದಿತ್ತು. ವೋಲ್ಟೇಜ್ ಸ್ಲೈಡರನ್ನು ತುದಿಗೆ ಒಯ್ದರೂ 1.093 ವೋಲ್ಟ್ ದಾಟುತ್ತಿರಲಿಲ್ಲ. ತಂತ್ರಾಂಶದ ಈ ಬೇಲಿಗಳೊಳಗೆ ಇರುವವರೆಗೆ ಕಾರ್ಡು ಸುಟ್ಟುಹೋಗುವ ಸಂಭವ ತೀರ ಕಡಿಮೆ. ಅಪಾಯ ಶುರುವಾಗುವುದು ಮಿತಿಗಳನ್ನೇ ಅಳಿಸಿದ ಬಯಾಸನ್ನು, ಅಂದರೆ ಕಾರ್ಡಿನ ಮೂಲ ತಂತ್ರಾಂಶವನ್ನು, ಕಾರ್ಡಿಗೆ ತುಂಬಿದಾಗ, ಇಲ್ಲವೆ ವಿದ್ಯುತ್ ಅಳೆಯುವ ರೆಸಿಸ್ಟರುಗಳನ್ನು ಬೆಸುಗೆ ಹಾಕಿ ಮರುಳು ಮಾಡಿದಾಗ. ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಸುರಿದು ದಾಖಲೆಗೆ ಪೈಪೋಟಿ ನಡೆಸುವವರ ದಾರಿ ಅದು. ದಿನಬಳಕೆಯ ಕಂಪ್ಯೂಟರಿಗೆ ಸಲ್ಲದು.

ಕೆಲಸಕ್ಕೆ ಇಳಿಯುವ ಮುನ್ನ ಕ್ಯಾಬಿನೆಟ್ಟನ್ನು ಸಿದ್ಧಪಡಿಸಬೇಕು. ಹೀಟ್‌ಸಿಂಕಿನ ರೆಕ್ಕೆಗಳ ನಡುವಿನ ಧೂಳನ್ನು ತೆಗೆದು, ಮುಂದಿನಿಂದ ಗಾಳಿ ಒಳಬಂದು ಹಿಂದಿನಿಂದ ಹೊರಹೋಗುವಂತೆ ಫ್ಯಾನುಗಳಿವೆಯೇ ಎಂದು ನೋಡಬೇಕು. ಧೂಳು ತೆಗೆಯುವುದರಿಂದಲೇ ತಾಪ ಹಲವು ಡಿಗ್ರಿ ಇಳಿದು, ಬೂಸ್ಟ್ ವೇಗ ತಾನಾಗಿ ಏರುವುದುಂಟು. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಒಳ್ಳೆಯ ದರ್ಜೆಯದಾಗಿದ್ದು, ಕಾರ್ಡಿನ ಏರಿಸಿದ ಮಿತಿಯನ್ನೂ ಕ್ಷಣಿಕ ಜಿಗಿತಗಳನ್ನೂ ತಾಳುವಂತಿರಬೇಕು. 450 ವಾಟ್ ಬಳಸುವ ಆರ್‌ಟಿಎಕ್ಸ್ 4090ರಂಥ ಕಾರ್ಡುಗಳಲ್ಲಿ 16 ಪಿನ್ನಿನ ಹೊಸ ಕನೆಕ್ಟರನ್ನು ಕೊನೆಯವರೆಗೂ ಒತ್ತಿ ಕೂರಿಸುವುದು ಬಹಳ ಮುಖ್ಯ. 2022ರ ಅಕ್ಟೋಬರಿನಿಂದ ಈ ಕನೆಕ್ಟರು ಕರಗಿದ ಪ್ರಕರಣಗಳು ವರದಿಯಾದವು, ಪೂರ್ತಿ ಕೂರದ ಪ್ಲಗ್ಗು ಅದಕ್ಕೆ ಮುಖ್ಯ ಕಾರಣಗಳಲ್ಲೊಂದೆಂದು ಕಂಡುಬಂತು.

ವೇಗ ಏರಿಸಲು ಹೆಚ್ಚು ಬಳಕೆಯಲ್ಲಿರುವ ತಂತ್ರಾಂಶ ಎಂಎಸ್‌ಐ ಆಫ್ಟರ್‌ಬರ್ನರ್. ಹಳೆಯ ರಿವಾಟ್ಯೂನರಿನ ನೆಲೆಯ ಮೇಲೆ ಬೆಳೆದ ಇದು ಬೇರೆ ಕಂಪನಿಗಳ ಕಾರ್ಡುಗಳೊಂದಿಗೂ ನಡೆಯುತ್ತದೆ. ಎಎಂಡಿ ಕಂಪನಿಯ ಕಾರ್ಡುಗಳಿಗೆ ಅದರದೇ ಅಡ್ರಿನಲಿನ್ ತಂತ್ರಾಂಶದಲ್ಲಿ ಇದೇ ಸೌಲಭ್ಯವಿದೆ. ಮೊದಲು ಏನನ್ನೂ ಬದಲಿಸದೆ ಕಾರ್ಡಿನ ಸಾಮರ್ಥ್ಯ ಅಳೆಯುವ ಒಂದು ಬೆಂಚ್‌ಮಾರ್ಕ್ ನಡೆಸಿ ಅಂಕ, ವೇಗ, ತಾಪಗಳನ್ನು ಬರೆದಿಟ್ಟುಕೊಳ್ಳಬೇಕು. ಈ ಆಧಾರವಿಲ್ಲದಿದ್ದರೆ ಮುಂದಿನ ಏರಿಳಿತಕ್ಕೆ ಅರ್ಥವಿರುವುದಿಲ್ಲ. ಆಮೇಲೆ ವಿದ್ಯುತ್ ಮತ್ತು ತಾಪದ ಮಿತಿಗಳನ್ನು ತಂತ್ರಾಂಶ ಬಿಟ್ಟಷ್ಟು ಏರಿಸಿ, ಫ್ಯಾನು ಸ್ವಲ್ಪ ಬೇಗನೆ ಚುರುಕಾಗುವಂತೆ ಹೊಂದಿಸಿ, ಚಿಪ್ಪಿನ ವೇಗವನ್ನು 25 ಮೆಗಾಹರ್ಟ್ಸ್‌ನಂತೆ ಹೆಚ್ಚಿಸುತ್ತ ಹೋಗಬೇಕು. ಪ್ರತಿ ಸಲವೂ ಕೆಲವು ನಿಮಿಷ ಭಾರದ ದೃಶ್ಯವೊಂದನ್ನು ಓಡಿಸಬೇಕು. ಯುನಿಜೀನ್ ಸೂಪರ್‌ಪೊಸಿಷನ್, 3ಡಿಮಾರ್ಕ್‌ನ ಟೈಮ್ ಸ್ಪೈ ಇದಕ್ಕೆ ತಕ್ಕವು. ಫರ್‌ಮಾರ್ಕ್ ಶಾಖವನ್ನು ಪರೀಕ್ಷಿಸುತ್ತದೆ. ಆದರೆ ವಿದ್ಯುತ್ ಮಿತಿಗೆ ಬೇಗ ತಾಗಿ ವೇಗ ಕುಸಿಯುವುದರಿಂದ ಎತ್ತರದ ವೇಗದಲ್ಲಿ ಕಾರ್ಡು ನಿಲ್ಲುತ್ತದೆಯೇ ಎಂಬುದನ್ನು ಅದರಿಂದ ತಿಳಿಯಲಾಗದು.

ಮಿತಿ ಮೀರಿದ್ದನ್ನು ಕಾರ್ಡು ಬಗೆಬಗೆಯಾಗಿ ತೋರಿಸುತ್ತದೆ. ಚಿಪ್ಪಿನ ವೇಗ ಹೆಚ್ಚಾದರೆ ಗೇಮ್ ಕ್ರ್ಯಾಶ್ ಆಗುತ್ತದೆ, ಇಲ್ಲವೆ ಪರದೆ ಕ್ಷಣ ಕಪ್ಪಾಗಿ ಮರಳುತ್ತದೆ. ಜಿಪಿಯು 2 ಸೆಕೆಂಡಿನೊಳಗೆ ಸ್ಪಂದಿಸದಿದ್ದರೆ ವಿಂಡೋಸ್ ಡ್ರೈವರನ್ನು ಮರುಪ್ರಾರಂಭಿಸುವುದರಿಂದ ಹೀಗಾಗುತ್ತದೆ. ಇಂಥ ತೊಂದರೆ ಕಂಡಲ್ಲಿಂದ 25ರಿಂದ 50 ಮೆಗಾಹರ್ಟ್ಸ್ ಹಿಂದೆ ಸರಿಯುವುದು ವಾಡಿಕೆ.

ಮೆಮೊರಿಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಎರಡನ್ನೂ ಒಟ್ಟಿಗೆ ಏರಿಸಿದರೆ ಸೋತದ್ದು ಯಾವುದೆಂದು ಗೊತ್ತಾಗುವುದಿಲ್ಲ. ಜಿಟಿಎಕ್ಸ್ 1080ರ 256 ಬಿಟ್ ಅಗಲದ ಮೆಮೊರಿ ಪ್ರತಿ ತಂತಿಯಲ್ಲಿ ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸಿ, ಒಟ್ಟು 320 ಗಿಗಾಬೈಟ್ ದತ್ತಾಂಶ ಕೊಡುತ್ತದೆ. 11 ಗಿಗಾಬಿಟ್‌ಗೆ ಏರಿಸಿದರೆ ಅದು 352 ಆಗುತ್ತದೆ. ಹೆಚ್ಚಿನ ರೆಸಲ್ಯೂಶನ್ನಿನಲ್ಲಿ ಆಡುವವರಿಗೆ ಇದು ಉಪಯುಕ್ತ. ಆದರೆ ಮೆಮೊರಿ ಯಾವಾಗಲೂ ಕ್ರ್ಯಾಶ್ ಆಗಿಯೇ ಎಚ್ಚರಿಸುವುದಿಲ್ಲ. ಪರದೆಯ ಮೇಲೆ ಬಣ್ಣದ ಚುಕ್ಕಿಗಳೋ ಚೌಕುಳಿಗಳೋ ಕಾಣಿಸಿಕೊಳ್ಳಬಹುದು. ದೋಷ ಪತ್ತೆಯ ಏರ್ಪಾಡಿರುವ ಕಾರ್ಡಿನಲ್ಲಿ ಅದೂ ಕಾಣದೆ, ತಪ್ಪಿದ ದತ್ತಾಂಶವನ್ನು ಮತ್ತೆ ಕಳಿಸುವುದರಲ್ಲಿ ಸಮಯ ಕಳೆದು, ವೇಗ ಏರಿಸಿದಷ್ಟೂ ಅಂಕ ಇಳಿಯುತ್ತದೆ. ಆದ್ದರಿಂದ ಅಂಕ ಏರುವುದು ನಿಂತ ಕಡೆಯೇ ಮೆಮೊರಿಯ ನಿಜವಾದ ಮಿತಿ. ಕ್ರ್ಯಾಶ್ ಆಗಲಿಲ್ಲವೆಂದು ಅದನ್ನು ದಾಟಿ ಹೋಗುವುದು ಅತಿ ಸಾಮಾನ್ಯವಾದ ತಪ್ಪು. ಲೆಕ್ಕಾಚಾರ, ಅನಿಮೇಷನ್ ರೆಂಡರಿಂಗ್, ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸುವ ಕಾರ್ಡಿನಲ್ಲಿ ಇದು ಇನ್ನೂ ಗಂಭೀರ. ಗೇಮಿನಲ್ಲಿ ಕಣ್ಣಿಗೆ ಬೀಳದ ಒಂದು ತಪ್ಪು ಬಿಟ್ ಅಲ್ಲಿ ಉತ್ತರವನ್ನೇ ಕೆಡಿಸಬಲ್ಲದು. ಅಂಥ ಕೆಲಸಕ್ಕೆ ಮೂಲ ವೇಗವೇ ಲೇಸು.

ತಾಪದ ವಿಷಯದಲ್ಲಿ ಒಂದೇ ಅಂಕಿಯನ್ನು ನೋಡಿದರೆ ಸಾಲದು. ಜಿಟಿಎಕ್ಸ್ 1080 ತನ್ನ ಚಿಪ್ಪನ್ನು 83 ಡಿಗ್ರಿಯ ಗುರಿಯೊಳಗೆ ಇಡಲು ವೇಗ ಇಳಿಸುತ್ತದೆ. ಅದಕ್ಕೂ ಬಹಳ ಮೊದಲೇ ಬಿಸಿ ಏರಿದಂತೆಲ್ಲ ಸುಮಾರು 13 ಮೆಗಾಹರ್ಟ್ಸ್‌ನ ಮೆಟ್ಟಿಲುಗಳಲ್ಲಿ ಇಳಿಯತೊಡಗುತ್ತದೆ. ಎಎಂಡಿಯ ಇತ್ತೀಚಿನ ಚಿಪ್ಪುಗಳು ತಮ್ಮ ಅತಿ ಬಿಸಿಯಾದ ಬಿಂದುವನ್ನೂ ಬೇರೆಯಾಗಿ ವರದಿಮಾಡುತ್ತವೆ, ಅದಕ್ಕೆ 110 ಡಿಗ್ರಿಯ ಮಿತಿಯಿದೆ. ಮೆಮೊರಿ ತಾಪವನ್ನು ತೋರಿಸುವ ಕಾರ್ಡಿನಲ್ಲಿ ಎಚ್‌ಡಬ್ಲ್ಯೂಇನ್ಫೊ ತಂತ್ರಾಂಶದಿಂದ ಅದನ್ನೂ ಗಮನಿಸಬೇಕು. ಹೆಚ್ಚಿನ ವೋಲ್ಟೇಜೂ ತಾಪವೂ ಒಟ್ಟಾದರೆ ಚಿಪ್ಪಿನೊಳಗಿನ ಲೋಹದ ಪರಮಾಣುಗಳು ವಿದ್ಯುತ್ ಹರಿವಿಗೆ ಸಿಕ್ಕಿ ನಿಧಾನವಾಗಿ ಸ್ಥಳ ಬಿಡುತ್ತವೆ, ಸೂಕ್ಷ್ಮ ತಂತಿಗಳು ಕಾಲಕ್ರಮದಲ್ಲಿ ಸವೆಯುತ್ತವೆ. ವೋಲ್ಟೇಜ್ ಸ್ಲೈಡರನ್ನು ಮುಟ್ಟದೆ ಬಿಡುವುದು ಒಳ್ಳೆಯದು. ಅಲ್ಲಿ ಸಿಗುವ ಕೆಲವೇ ಮೆಗಾಹರ್ಟ್ಸ್‌ಗೆ ತೆರುವ ಬೆಲೆ ಹೆಚ್ಚು.

ಇದಕ್ಕೆ ವಿರುದ್ಧ ದಿಕ್ಕಿನ ಅಂಡರ್‌ವೋಲ್ಟಿಂಗ್ ಈಗ ಹೆಚ್ಚು ಜಾಣತನದ ದಾರಿಯಾಗಿದೆ. ಆಫ್ಟರ್‌ಬರ್ನರಿನಲ್ಲಿ ಕಂಟ್ರೋಲ್ ಮತ್ತು ಎಫ್ ಕೀಗಳನ್ನು ಒತ್ತಿದರೆ ತೆರೆಯುವ ರೇಖೆಯಲ್ಲಿ, ಕಡಿಮೆ ವೋಲ್ಟೇಜಿನ ಒಂದು ಬಿಂದುವಿಗೆ ಬೇಕಾದ ವೇಗ ಕೊಟ್ಟು, ಅಲ್ಲಿಂದ ಮುಂದಕ್ಕೆ ರೇಖೆಯನ್ನು ಸಮತಟ್ಟು ಮಾಡಲಾಗುತ್ತದೆ. 320 ವಾಟ್ ನುಂಗುವ ಆರ್‌ಟಿಎಕ್ಸ್ 3080ರಂಥ ಕಾರ್ಡುಗಳು ಹೀಗೆ ವೇಗವನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡು ಹತ್ತಾರು ವಾಟ್ ಕಡಿಮೆ ಬಳಸುತ್ತವೆ. ಫ್ಯಾನಿನ ಸದ್ದೂ ತಗ್ಗುತ್ತದೆ.

ಅಂತಿಮ ಅಂಕಿಗಳನ್ನು ಕೆಲವು ದಿನ ನಿಜವಾದ ಬಳಕೆಯಲ್ಲಿ ನೋಡುವ ಮೊದಲು, ವಿಂಡೋಸ್ ತೆರೆದೊಡನೆ ತಾನಾಗಿ ಜಾರಿಯಾಗುವಂತೆ ಹೊಂದಿಸಬಾರದು. ವಾರಂಟಿಯ ಷರತ್ತುಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ ಅವನ್ನು ಮೊದಲೇ ಓದಿಕೊಳ್ಳಬೇಕು. ಹೀಟ್‌ಸಿಂಕ್ ತಣಿಯುವುದು ಕೋಣೆಯ ಗಾಳಿಯಿಂದಲೇ ಆದ್ದರಿಂದ ಋತುವಿನ ಲೆಕ್ಕವನ್ನೂ ಬಿಡುವಂತಿಲ್ಲ. ಡಿಸೆಂಬರಿನ ಚಳಿಯಲ್ಲಿ ಗಟ್ಟಿಯಾಗಿ ನಿಂತ ವೇಗ, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಕೋಣೆಯಲ್ಲಿ ಕ್ರ್ಯಾಶ್ ಆಗಬಹುದು. ಅಂಥ ಊರುಗಳಲ್ಲಿ ಬೇಸಿಗೆಗೆ ಬೇರೆಯದೇ ಪ್ರೊಫೈಲ್ ಉಳಿಸಿಟ್ಟುಕೊಳ್ಳುವುದು ಸರಿ. ಡ್ರೈವರ್ ಬದಲಾದಾಗ, ಥರ್ಮಲ್ ಪೇಸ್ಟ್ ಒಣಗಿ ತಾಪ ಏರತೊಡಗಿದಾಗಲೂ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುತ್ತದೆ.