ಗಿಂಡಿ, ಮೂಸೆ, ದ್ರಾವಕ: ಎರಡು ಭಾಷೆಗಳ ಪ್ರಯೋಗಶಾಲೆ

ಉಪ್ಪು ಮತ್ತು ಮರಳು ಬೆರೆತಿದ್ದರೆ ಅವನ್ನು ಬೇರ್ಪಡಿಸುವುದು ಹೇಗೆಂಬುದು ಶಾಲೆಯ ವಿಜ್ಞಾನ ಪಾಠದ ಮೊದಲ ಪ್ರಯೋಗಗಳಲ್ಲಿ ಒಂದು. ನೀರು ಹಾಕಿ ಕಲಕಬೇಕು, ಮರಳು ತಳಕ್ಕಿಳಿಯುವ ತನಕ ಕಾಯಬೇಕು, ಮೇಲಿನ ತಿಳಿಯನ್ನು ಬಸಿದು ಸೋಸಬೇಕು, ಸೋಸಿದ ನೀರನ್ನು ಕಾಯಿಸಿ ಆವಿ ಮಾಡಬೇಕು. ಕೊನೆಗೆ ಬಟ್ಟಲಿನ ತಳದಲ್ಲಿ ಉಪ್ಪಿನ ಹರಳುಗಳು ಉಳಿಯುತ್ತವೆ. ಕಾಸರಗೋಡಿನ ಅದೆಷ್ಟೋ ಶಾಲೆಗಳಲ್ಲಿ ಒಂದೇ ಛಾವಣಿಯ ಕೆಳಗೆ, ಒಂದು ಗೋಡೆಯ ಆಚೆಗೊಂದು ಈಚೆಗೊಂದರಂತೆ, ಈ ಪಾಠ ಎರಡು ಭಾಷೆಗಳಲ್ಲಿ ನಡೆಯುತ್ತದೆ. ಕನ್ನಡ ಮಾಧ್ಯಮದ ಮಗು ‘ತಿಳಿ ಬಸಿಯುವುದು’ ಎಂದು ಬರೆಯುವಾಗ ಮಲಯಾಳ ಮಾಧ್ಯಮದ ಮಗು ‘ತೆಳಿಯೂಟ್ಟಲ್’ ಎಂದು ಬರೆಯುತ್ತದೆ. ಇಲ್ಲಿ ಹರಳು, ಅಲ್ಲಿ ಪರಲ್. ಕಿವಿಗೊಟ್ಟು ಕೇಳಿದರೆ ಇವು ಎರಡು ಮಾತುಗಳಲ್ಲ. ಒಂದೇ ಮಾತಿನ ಎರಡು ಉಚ್ಚಾರಗಳು. ಕನ್ನಡದ ತಿಳಿ ಮಲಯಾಳದ ತೆಳಿ. ನಮ್ಮ ಕರಾವಳಿಯ ಮನೆಗಳಲ್ಲಂತೂ ಗಂಜಿಯ ಮೇಲಿನ ನೀರಿಗೆ ಕನ್ನಡದಲ್ಲಿಯೇ ‘ತೆಳಿ’ ಎನ್ನುವವರಿದ್ದಾರೆ. ಹಳಗನ್ನಡದ ಪರಳ್ ನಡುಗನ್ನಡದ ಕಾಲಕ್ಕೆ ಪಕಾರವನ್ನು ಕಳೆದುಕೊಂಡು ಹರಳಾಯಿತು. ಮಲಯಾಳ ಪಕಾರವನ್ನು ಉಳಿಸಿಕೊಂಡಿತು.

ಆದರೆ ಅದೇ ಪಾಠದ ಮುಂದಿನ ಸಾಲಿಗೆ ಬಂದಾಗ ತೊಡಕು ಹುಟ್ಟುತ್ತದೆ. ಉಪ್ಪು ಕರಗಿದ ನೀರಿಗೆ ಕನ್ನಡದಲ್ಲಿ ದ್ರಾವಣ, ಕರಗಿಸಿಕೊಳ್ಳುವ ನೀರಿಗೆ ದ್ರಾವಕ, ಕರಗುವ ಉಪ್ಪಿಗೆ ದ್ರಾವ್ಯ ಎಂದು ಹೆಸರು. ಮಲಯಾಳದಲ್ಲಿ ಇವು ಕ್ರಮವಾಗಿ ಲಾಯನಿ, ಲಾಯಕಂ, ಲೀನಂ. ಹಾಗಾದರೆ ಮಲಯಾಳದಲ್ಲಿ ‘ದ್ರಾವಕಂ’ ಎಂಬ ಮಾತೇ ಇಲ್ಲವೆ? ಉಂಟು. ಅಲ್ಲಿ ಅದಕ್ಕೆ ದ್ರವ ಎಂದಷ್ಟೇ ಅರ್ಥ. ಎಣ್ಣೆಯೂ ದ್ರಾವಕಂ, ಪಾದರಸವೂ ದ್ರಾವಕಂ. ಅಡಿಗೆ ಮನೆಯ ಮಾತಿನಲ್ಲಿ ಒಂದಾಗಿದ್ದ ಎರಡು ಭಾಷೆಗಳು ಸಂಸ್ಕೃತದ ಮಾತಿನಲ್ಲಿ ಬೇರೆಯಾಗಿವೆ. ಸಾಮಾನ್ಯವಾಗಿ ನಾವು ನಂಬಿರುವುದು ಇದಕ್ಕೆ ತೀರ ವಿರುದ್ಧ. ಸಂಸ್ಕೃತ ಪದಗಳು ಭಾರತದ ಭಾಷೆಗಳನ್ನು ಹತ್ತಿರ ತರುತ್ತವೆ, ದೇಶ್ಯ ಪದಗಳು ದೂರ ಮಾಡುತ್ತವೆ ಎಂಬುದು ಪರಿಭಾಷೆ ರಚಿಸುವವರ ಬಹುಕಾಲದ ನಂಬಿಕೆ. ಗಡಿನಾಡಿನ ತರಗತಿಯಲ್ಲಿ ನಿಂತವರಿಗೆ ಆ ನಂಬಿಕೆ ಅಲುಗಾಡುವುದು ಕಾಣುತ್ತದೆ. ಇದು ಹೇಗಾಯಿತೆಂದು ತಿಳಿಯಲು ಹಳೆಯ ಪಾತ್ರೆಗಳ ಕಡೆಗೇ ಹೋಗಬೇಕು.

ಗಾಜಿನ ಬೀಕರು ಬರುವುದಕ್ಕೆ ಬಹಳ ಮೊದಲೇ ನಮ್ಮಲ್ಲಿ ಪ್ರಯೋಗಶಾಲೆ ಇತ್ತು. ಅದರ ಹೆಸರು ರಸಶಾಲೆ. ಸುಮಾರು 13ನೆಯ ಶತಮಾನದ್ದೆಂದು ವಿದ್ವಾಂಸರು ಹೇಳುವ ‘ರಸರತ್ನಸಮುಚ್ಚಯ’ದಲ್ಲಿ ಒಂದು ಅಧ್ಯಾಯ ಯಂತ್ರಗಳಿಗೆ, ಅದರ ಮುಂದಿನದು ಮೂಷೆಗಳಿಗೆ ಮೀಸಲಾಗಿದೆ. ಅಲ್ಲಿ ಯಂತ್ರವೆಂದರೆ ತಿರುಗುವ ಚಕ್ರವಲ್ಲ, ಪದಾರ್ಥವನ್ನು ಹಿಡಿದಿಟ್ಟು ಕಾವು ಕೊಡುವ ಪಾತ್ರೆಗಳ ಜೋಡಣೆ. ಮಡಕೆಯ ಬಾಯಿಗೆ ಅಡ್ಡಲಾಗಿ ಕೋಲಿಟ್ಟು, ಬಟ್ಟೆಯ ಗಂಟಿನಲ್ಲಿ ಕಟ್ಟಿದ ಮದ್ದನ್ನು ತೊಟ್ಟಿಲಿನಂತೆ ತೂಗಬಿಟ್ಟು ಬೇಯಿಸಿದರೆ ಅದು ದೋಲಾಯಂತ್ರ. ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಕೂಡಿಸಿ ಸಂದನ್ನು ಮಣ್ಣಿನಿಂದ ಮೆತ್ತಿದರೆ ಡಮರುಯಂತ್ರ. ಮರಳಿನಲ್ಲಿ ಹುಗಿದು ಕಾಯಿಸಿದರೆ ವಾಲುಕಾಯಂತ್ರ. ಮರಳಿನ ಮೂಲಕ ಹದವಾಗಿ ಕಾವು ಕೊಡುವ ಉಪಾಯ ಆಧುನಿಕ ರಸಾಯನ ಶಾಲೆಯಲ್ಲೂ ಉಂಟು. ಕರಗಿಸುವ ಮೂಷೆಗಳಿಗಂತೂ ಕಣ್ಣಿಗೆ ಕಂಡ ಹೋಲಿಕೆಯೇ ಹೆಸರು. ಹಸುವಿನ ಮೊಲೆಯಂತಿದ್ದರೆ ಗೋಸ್ತನೀ, ಬದನೆಕಾಯಿಯಂತಿದ್ದರೆ ವೃಂತಾಕ. ಈ ಬದನೆಕಾಯಿ ಮೂಷೆಯಲ್ಲಿ ಖರ್ಪರವೆಂಬ ಅದಿರಿನಿಂದ ಸತುವನ್ನು ತೆಗೆಯುತ್ತಿದ್ದರು. ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅವರು 1902 ಮತ್ತು 1909ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ ಹಿಂದೂ ರಸಾಯನಶಾಸ್ತ್ರದ ಇತಿಹಾಸದಿಂದ ಈ ಹೆಸರುಗಳು ಆಧುನಿಕ ವಿದ್ಯಾವಂತರ ಕಿವಿಗೂ ಬಿದ್ದವು.

ಮೂಷೆ ಎಂಬ ಈ ಒಂದು ಮಾತನ್ನೇ ಹಿಡಿದು ಹೋಗೋಣ. ಕನ್ನಡದಲ್ಲಿ ಅದು ಮೂಸೆಯಾಯಿತು. ಅಕ್ಕಸಾಲಿಗನ ಮೂಸೆಯೇ ಮುಂದೆ ವಿಜ್ಞಾನದ ಪುಸ್ತಕದಲ್ಲಿಯೂ ನಿಂತಿತು. ಮಲಯಾಳದಲ್ಲಿ ಅದು ಮೂಶ. ಅಲ್ಲಿ ಲೋಹ ಎರೆಯುವ ಅಚ್ಚಿಗೂ ಅದೇ ಹೆಸರು. ಆ ಅಚ್ಚಿನಲ್ಲಿ ಕಂಚನ್ನು ಎರೆಯುವ ಕುಶಲಕರ್ಮಿಯೇ ಮೂಶಾರಿ. ನಮ್ಮ ಜಿಲ್ಲೆಯ ತೆಂಕಣ ಗಡಿ ದಾಟಿದರೆ ಪಯ್ಯನ್ನೂರಿನ ಬಳಿ ಕುಂಞಿಮಂಗಲವೆಂಬ ಊರಿದೆ. ಮೂಶಾರಿಗಳ ಕಂಚಿನ ಎರಕಕ್ಕೆ ಅದು ಹೆಸರುವಾಸಿ. ಮೇಣದಲ್ಲಿ ರೂಪ ಮಾಡಿ, ಮೇಲೆ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಹರಿಯಬಿಟ್ಟು, ಆ ಟೊಳ್ಳಿಗೆ ಕಂಚನ್ನು ಹೊಯ್ಯುವ ವಿದ್ಯೆ ಅದು. ಕನ್ನಡದಲ್ಲಿ ಆ ಕಸುಬಿನವನು ಕಂಚುಗಾರ. ಕನ್ನಡ ಅವನನ್ನು ಲೋಹದ ಹೆಸರಿನಿಂದ ಗುರುತಿಸಿತು, ಮಲಯಾಳ ಮೂಶೆಯ ಹೆಸರಿನಿಂದ ಗುರುತಿಸಿತು. ಕೆಲಸ ಒಂದೇ.

ಪಾತ್ರೆಗಳ ಹೆಸರಿನಲ್ಲಿ ಇಂಥ ನೆರೆಹೊರೆಯ ಗುರುತು ಇನ್ನೂ ದಟ್ಟವಾಗಿದೆ. ಅಗಲ ಬಾಯಿಯ ಕಂಚಿನ ಉರುಳಿ ಎರಡೂ ಭಾಷೆಗಳಿಗೆ ಸೇರಿದ್ದು. ಉಪ್ಪಿನಕಾಯಿಯ ಭರಣಿಯೂ ಹಾಗೆಯೇ. ಕೊಳವೆ ಮೂತಿಯ ಕಂಚಿನ ಪಾತ್ರೆ ಕನ್ನಡಿಗನಿಗೆ ಗಿಂಡಿ, ಮಲಯಾಳಿಗೆ ಕಿಂಡಿ. ಆದರೆ ಕನ್ನಡಿಗನಿಗೆ ಕಿಂಡಿಯೆಂದರೆ ಗೋಡೆಯ ರಂಧ್ರ. ಉಡುಪಿಯ ಕನಕನ ಕಿಂಡಿಯಿಂದ ನೀರು ಹೊಯ್ಯಲು ಆಗದು. ಕನ್ನಡದ ಗಟ್ಟಿ ಮಲಯಾಳದ ಕಟ್ಟಿ. ಕರಾವಳಿ ಕನ್ನಡದ ಹುಡಿ ಮಲಯಾಳದ ಪೊಡಿ. ತರಿ ಎರಡರಲ್ಲೂ ತರಿಯೇ. ಎಣ್ಣೆ ಹೊಯ್ಯುವ ಆಲಿಕೆಗೆ ಮಲಯಾಳದಲ್ಲಿ ಚೋರ್ಪ್ಪ್ ಎನ್ನುತ್ತಾರೆ. ಅದರ ಬೇರು ನಮ್ಮ ‘ಸೋರು’. ಈ ಸಂಬಂಧಗಳನ್ನು ಮೊದಲು ಕ್ರಮವಾಗಿ ದಾಖಲಿಸಿದ ಇಬ್ಬರೂ ಬಾಸೆಲ್ ಮಿಶನಿನವರು. ಹೆರ್ಮನ್ ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಫರ್ಡಿನೆಂಡ್ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದವು. ಎರಡೂ ಅಚ್ಚಾದದ್ದು ಮಂಗಳೂರಿನಲ್ಲಿ. ಎರಡರಲ್ಲೂ ನೆರೆಯ ದ್ರಾವಿಡ ಭಾಷೆಗಳ ರೂಪಗಳನ್ನು ಪದದ ಪಕ್ಕದಲ್ಲಿ ಕೊಟ್ಟಿದ್ದಾರೆ. ಕಾಸರಗೋಡು ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಎರಡು ಭಾಷೆಗಳ ಮಾತಿನ ಲೆಕ್ಕ ಒಂದೇ ಊರಿನ ಅಚ್ಚುಕೂಟದಲ್ಲಿ ದಾಖಲಾದದ್ದು ನಮ್ಮ ಸೀಮೆಯ ಭಾಗ್ಯವೆನ್ನಬೇಕು.

ಪಾತ್ರೆಗಿಂತಲೂ ಸೂಕ್ಷ್ಮವಾದದ್ದು ಪದಾರ್ಥದ ಹದವನ್ನು ಹೇಳುವ ಮಾತು. ಉಷ್ಣಮಾಪಕವಿಲ್ಲದ ಕಾಲದಲ್ಲಿ ಹದವೇ ಅಳತೆ. ಕನ್ನಡದಲ್ಲಿ 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಡಿಗೆ, ಸುಗಂಧ, ವೈದ್ಯ ಒಂದೇ ಗ್ರಂಥದಲ್ಲಿ ಬರುತ್ತವೆ. ಇದು ಆಕಸ್ಮಿಕವಲ್ಲ. ಬೆಲ್ಲದ ಪಾಕ ನೋಡುವ ಕಣ್ಣು, ಲೇಹದ ಪಾಕ ನೋಡುವ ಕಣ್ಣು ಒಂದೇ. ಬೆರಳುಗಳ ನಡುವೆ ಎಳೆ ಬಂದರೆ ಎಳೆಪಾಕ. ನೀರಿಗೆ ಬಿಟ್ಟಾಗ ಹರಡದೆ ತಳಕ್ಕೆ ಮುಳುಗಿದರೆ ಲೇಹ ಸಿದ್ಧ. ಒತ್ತಿದಾಗ ಬೆರಳಿನ ಗುರುತು ಮೂಡಬೇಕು. ಎಣ್ಣೆ ಕಾಯಿಸುವ ವೈದ್ಯ ಅಡಿಯ ಕಲ್ಕವನ್ನು ಬೆರಳುಗಳಲ್ಲಿ ಹೊಸೆದು ನೋಡುತ್ತಾನೆ. ಅದು ಬತ್ತಿಯಾಗಬೇಕು, ಬೆಂಕಿಗೆ ಹಾಕಿದರೆ ಚಟಪಟ ಸದ್ದು ಬರಬಾರದು. ಎಣ್ಣೆಯಾದರೆ ಹದಕ್ಕೆ ಬಂದಾಗ ನೊರೆ ಏಳುತ್ತದೆ, ತುಪ್ಪವಾದರೆ ಎದ್ದ ನೊರೆ ಅಡಗುತ್ತದೆ. ಸಂಸ್ಕೃತ ಗ್ರಂಥಗಳು ಈ ಹದಗಳನ್ನು ಮೃದು, ಮಧ್ಯಮ, ಖರ ಎಂದು ಮೂರಾಗಿ ವಿಂಗಡಿಸಿದವು. ಕೇರಳದ ವೈದ್ಯರು ಅಷ್ಟಕ್ಕೇ ನಿಲ್ಲಲಿಲ್ಲ. ಕಲ್ಕ ಮೇಣದಂತಾದ ಹದಕ್ಕೆ ಮೆಳುಕುಪಾಕಂ, ಮರಳಿನಂತೆ ತರಿತರಿಯಾದ ಹದಕ್ಕೆ ಮಣಲ್‌ಪಾಕಂ ಎಂದರು. ಮಣಲ್ ಎಂಬುದು ಹಳಗನ್ನಡದ ಮಾತೂ ಹೌದು. ‘ಮಧ್ಯಮ’ ಎಂದರೆ ಕಲಿಯುವವನಿಗೆ ಏನೂ ತಿಳಿಯದು. ‘ಮೇಣದಂತೆ’ ಎಂದರೆ ಬೆರಳಿಗೇ ತಿಳಿಯುತ್ತದೆ.

ಹಾಗೆಂದು ಸಂಸ್ಕೃತದ ಮಾತೆಲ್ಲ ಕೈಗೆ ಎಟುಕದ್ದೆಂದು ತಿಳಿಯಬಾರದು. ಭಸ್ಮ ಪರೀಕ್ಷೆಯ ಹೆಸರುಗಳನ್ನು ನೋಡಿ. ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿದಾಗ ಭಸ್ಮವು ಬೆರಳಿನ ರೇಖೆಗಳಲ್ಲಿ ತುಂಬಿಕೊಂಡರೆ ಅದು ರೇಖಾಪೂರ್ಣ. ನಿಂತ ನೀರಿನ ಮೇಲೆ ಉದುರಿಸಿದಾಗ ತೇಲಿದರೆ ವಾರಿತರ. ತುಪ್ಪ, ಜೇನು, ಬೆಲ್ಲ ಮುಂತಾದವುಗಳ ಜೊತೆಗೆ ಮತ್ತೆ ಕಾಯಿಸಿದರೂ ಲೋಹವಾಗಿ ಹಿಂತಿರುಗದಿದ್ದರೆ ಅಪುನರ್ಭವ. ಇಲ್ಲಿ ಹೆಸರೇ ಪರೀಕ್ಷೆ. ಹೆಸರು ಗೊತ್ತಿದ್ದರೆ ಮಾಡಬೇಕಾದ ಕೆಲಸವೂ ಗೊತ್ತಾಯಿತು. ಮಾತು ಯಾವ ಭಾಷೆಯಿಂದ ಬಂತೆಂಬುದಕ್ಕಿಂತ ಅದು ಕೈಯೊಡನೆ ಸಂಬಂಧ ಇಟ್ಟುಕೊಂಡಿದೆಯೇ ಎಂಬುದು ಮುಖ್ಯ.

ಈ ಸಂಬಂಧ ಸಡಿಲವಾದದ್ದು ಇಪ್ಪತ್ತನೆಯ ಶತಮಾನದಲ್ಲಿ, ಪಶ್ಚಿಮದ ರಸಾಯನಶಾಸ್ತ್ರಕ್ಕೆ ದೇಶಭಾಷೆಗಳಲ್ಲಿ ಹೆಸರು ಹುಡುಕುವ ಅವಸರದಲ್ಲಿ. ಬೆಂಗಳೂರಿನಲ್ಲಿ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರ ಸಂಪಾದಕತ್ವದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಟು ಎರಡು ವರ್ಷ ನಡೆಯಿತು. 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಬಂತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿ 1962ರಲ್ಲಿ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು, 1968ರಲ್ಲಿ ಭಾಷಾ ಇನ್‌ಸ್ಟಿಟ್ಯೂಟ್ ಹುಟ್ಟಿದವು. ಇಲ್ಲಿ 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಆರಂಭವಾಯಿತು. ಎರಡೂ ಕಡೆ ಶ್ರದ್ಧೆಯಿಂದ ಕೆಲಸ ಮಾಡಿದವರಿದ್ದರು. ಆದರೆ ಒಂದೇ ಸಂಸ್ಕೃತ ಭಂಡಾರಕ್ಕೆ ಎರಡು ಬಾಗಿಲುಗಳಿಂದ ಹೊಕ್ಕವರು ಬೇರೆ ಬೇರೆ ಮಾತುಗಳನ್ನು ಎತ್ತಿಕೊಂಡು ಬಂದರು. ಘನವಸ್ತುವಿಗೆ ಮಲಯಾಳ ಆರಿಸಿದ್ದು ‘ಖರಂ’, ಎಣ್ಣೆಯ ಕೊನೆಯ ಹದಕ್ಕಿದ್ದ ಅದೇ ಹೆಸರು. ಅಲ್ಲಿ ಘನವೆಂದರೆ ಭಾರ. ನಮ್ಮ ಅನಿಲ ಅಲ್ಲಿ ವಾತಕಂ. ಬಟ್ಟಿ ಇಳಿಸುವುದಕ್ಕೆ ಮಲಯಾಳದ ಮನೆಮಾತು ವಾಟ್ಟು. ಅದರಲ್ಲಿ ಸಾರಾಯಿಯ ವಾಸನೆ ಬಂತೋ ಏನೋ, ಪಠ್ಯದಲ್ಲಿ ‘ಸ್ವೇದನಂ’ ಬಂತು. ರಸಶಾಲೆಯಲ್ಲಿ ಸ್ವೇದನವೆಂದರೆ ದೋಲಾಯಂತ್ರದಲ್ಲಿ ಬೇಯಿಸುವುದು, ಬಟ್ಟಿ ಇಳಿಸುವುದಲ್ಲ. ಕನ್ನಡ ‘ಬಟ್ಟಿ’ಯನ್ನು ಅಂಜದೆ ಉಳಿಸಿಕೊಂಡರೂ ಪಕ್ಕದಲ್ಲಿ ‘ಆಸವನ’ವನ್ನೂ ಕೂರಿಸಿತು. ಘನ ನೇರವಾಗಿ ಆವಿಯಾಗುವುದಕ್ಕೆ ಮಾತ್ರ ಎರಡು ಭಾಷೆಗಳಲ್ಲೂ ‘ಉತ್ಪತನ’ ನಿಂತಿತು. ರಸಶಾಲೆಯ ಊರ್ಧ್ವಪಾತನದ ನೆನಪು ಅದರಲ್ಲಿ ಉಳಿದಿದೆ.

ಗಾಜಿನ ಉಪಕರಣಗಳ ವಿಷಯದಲ್ಲಿ ಮಲಯಾಳ ಬಹುಮಟ್ಟಿಗೆ ಟೆಸ್ಟ್‌ಟ್ಯೂಬ್, ಬೀಕರ್‌ಗಳನ್ನೇ ಒಪ್ಪಿಕೊಂಡಿತು. ಕನ್ನಡವೂ ಬೀಕರು, ಬ್ಯೂರೆಟ್ಟುಗಳನ್ನು ಬಿಡಲಿಲ್ಲ; ಆದರೆ ಟೆಸ್ಟ್‌ಟ್ಯೂಬಿಗೆ ‘ಪ್ರನಾಳ’ವೆಂದು ಹೆಸರಿಟ್ಟಿತು. ಪ್ರನಾಳವೆಂದರೆ ಗರ್ಭಗುಡಿಯ ಉತ್ತರ ಬದಿಯಲ್ಲಿ ಅಭಿಷೇಕದ ನೀರು ಹೊರಬೀಳುವ ಕಲ್ಲಿನ ದೋಣಿ. ಅದರ ಎರಡು ತುದಿಯೂ ತೆರೆದಿರುತ್ತದೆ, ಪ್ರಯೋಗಶಾಲೆಯ ಪ್ರನಾಳದ ತಳ ಮುಚ್ಚಿರುತ್ತದೆ. ಹೋಲಿಕೆ ಪೂರ್ತಿ ಕೂಡದಿದ್ದರೂ ಮಾತು ಬಾಳಿತು. ಪ್ರನಾಳ ಶಿಶುವಿನ ಸುದ್ದಿ ಬಂದ ಮೇಲಂತೂ ಶಾಲೆಯ ಮೆಟ್ಟಿಲು ಹತ್ತದವರ ಬಾಯಲ್ಲೂ ಅದು ಬಂತು. ಬಳಕೆ ಎಷ್ಟೋ ತಪ್ಪುಗಳನ್ನು ತಿದ್ದಿಬಿಡುತ್ತದೆ.

ಆದರೆ ಬಳಕೆಯೂ ತಿದ್ದಲಾರದ ತೊಂದರೆಯೊಂದು ಗಡಿನಾಡಿನ ಕನ್ನಡ ಮಗುವಿನದು. ಅದು ಓದುವ ಪುಸ್ತಕ ಕೇರಳದ ಪಠ್ಯಕ್ರಮದ್ದು; ಮಾತು ಕನ್ನಡದ್ದು; ಮುಂದಿನ ತರಗತಿಗಳ ಬೋಧನೆ ಇಂಗ್ಲಿಷಿನದು. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ನೇಮಕವಾದಾಗ ಈ ಜಿಲ್ಲೆಯಲ್ಲಿ ಪ್ರತಿಭಟನೆಗಳು ನಡೆದಿವೆ. ಅದನ್ನು ಬರಿಯ ಭಾಷಾಭಿಮಾನವೆಂದು ತಳ್ಳಿಹಾಕುವವರು ‘ದ್ರಾವಕ’ ಎಂಬ ಒಂದು ಮಾತನ್ನು ಯೋಚಿಸಬೇಕು. ಅಧ್ಯಾಪಕರು ಎಣ್ಣೆಯನ್ನು ತೋರಿಸಿ ‘ಇದು ದ್ರಾವಕ’ ಎಂದರೆ ಅವರ ಭಾಷೆಯಲ್ಲಿ ಅದು ಸರಿ. ಮಗು ‘ಎಣ್ಣೆಯಲ್ಲಿ ಏನೋ ಕರಗುತ್ತದೆ’ ಎಂದು ತಿಳಿದರೆ ಅದರ ಭಾಷೆಯಲ್ಲಿ ಅದೂ ಸರಿ. ಇಬ್ಬರೂ ತಪ್ಪು ಮಾಡಿಲ್ಲ. ಪಾಠ ಮಾತ್ರ ತಪ್ಪಿಹೋಯಿತು. ಮಾತು ತೀರ ಬೇರೆಯಾಗಿದ್ದರೆ ಮಗು ಎದ್ದು ನಿಂತು ಕೇಳುತ್ತಿತ್ತು. ಒಂದೇ ಆಗಿರುವುದರಿಂದ ಕೇಳುವ ಸಂದೇಹವೇ ಬರುವುದಿಲ್ಲ.

ಇದಕ್ಕೆ ಹೊಸ ಪರಿಭಾಷೆ ಕಟ್ಟುವ ಸಮಿತಿ ಬೇಕಾಗಿಲ್ಲ. ಎರಡು ಭಾಷೆ ಬಲ್ಲ ನಾಲ್ಕು ಮಂದಿ ಅಧ್ಯಾಪಕರು ಕುಳಿತು ಕನ್ನಡ, ಮಲಯಾಳ, ಇಂಗ್ಲಿಷ್ ಎಂದು ಮೂರು ಸಾಲುಗಳ ಒಂದು ಪಟ್ಟಿ ಮಾಡಿ, ಮೋಸಮಾಡುವ ಮಾತುಗಳಿಗೆ ಗುರುತು ಹಾಕಿ ಮಕ್ಕಳ ಕೈಗೆ ಕೊಟ್ಟರೆ ಬಹುಪಾಲು ತೊಡಕು ತೀರುತ್ತದೆ. ಅದರ ಜೊತೆಗೆ ಇನ್ನೊಂದು ಕೆಲಸವಿದೆ; ಅದು ಹೆಚ್ಚು ಅವಸರದ್ದು. ಉರುಳಿಯ ಮುಂದೆ ಕುಳಿತು ಕಲ್ಕವನ್ನು ಹೊಸೆದು ನೋಡುವ ವೈದ್ಯರು, ಮೂಶೆಗೆ ಮಣ್ಣು ಮೆತ್ತುವ ಕಂಚುಗಾರರು, ಹಸಿಮಣ್ಣಿನ ಹದ ಬಲ್ಲ ಕುಂಬಾರರು ಎರಡೂ ಭಾಷೆಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಅವರು ಆಡುವ ಹದದ ಮಾತುಗಳನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಮುಂದೆ ಎಂದಾದರೂ ಹೊಸದೊಂದು ವಸ್ತುವಿನ ಗುಣಕ್ಕೆ ಹೆಸರು ಬೇಕಾದಾಗ ಎರಡು ರಾಜಧಾನಿಗಳ ಎರಡು ನಿಘಂಟುಗಳನ್ನು ತೆರೆಯುವ ಮೊದಲು ನಾವು ಆ ಪಟ್ಟಿಯನ್ನು ನೋಡಬಹುದು. ತಿಳಿ ಮತ್ತು ತೆಳಿ, ಹರಳು ಮತ್ತು ಪರಲ್ ಅಲ್ಲಿ ಈಗಾಗಲೇ ಅಕ್ಕಪಕ್ಕದಲ್ಲಿವೆ.