ಹತ್ತರಲ್ಲೊಂದು ಪಾಲು ಮತ್ತು ಕಣಕಿಯ ಲೆಕ್ಕ

ಹುಲ್ಲಿನಿಂದ ಕುರಿಗೆ, ಕುರಿಯಿಂದ ತೋಳಕ್ಕೆ ದಾಟುವಾಗ ಪ್ರತಿ ಹಂತದಲ್ಲೂ ಶಕ್ತಿಯ ಹತ್ತರಲ್ಲೊಂದು ಪಾಲು ಮಾತ್ರ ಮುಂದೆ ಸಾಗುತ್ತದೆ ಎಂದು ಶಾಲೆಯ ಪಾಠಗಳು ನಿಯಮದಂತೆ ಹೇಳುತ್ತವೆ. ಈ ಪಾಠದ ಹಿಂದಿನ ಪರಿಸರ ಶಾಸ್ತ್ರ ಬೆಳೆದುಬಂದ ದಾರಿ ಅಷ್ಟು ನೇರವಾದುದಲ್ಲ. 1927ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಎಲ್ಟನ್ ಎಣಿಸಿದ್ದು ತಲೆಗಳನ್ನು: ಬಲಿಯಾಗುವ ಪ್ರಾಣಿಗಳು ಬಹಳ, ತಿನ್ನುವವು ಕೆಲವೇ. 1935ರಲ್ಲಿ ಆರ್ಥರ್ ಟ್ಯಾನ್ಸ್ಲಿ ಮಣ್ಣು, ನೀರು, ಹವೆಗಳನ್ನೂ ಜೀವಿಗಳ ಜೊತೆಗೇ ಸೇರಿಸಿ ಒಂದು ವ್ಯವಸ್ಥೆಯಾಗಿ ನೋಡಬೇಕೆಂದ. ತಲೆ ಎಣಿಕೆಯನ್ನು ಕ್ಯಾಲೊರಿಯ ಲೆಕ್ಕಕ್ಕೆ ತಿರುಗಿಸಿದವನು ಅಮೆರಿಕದ ರೇಮಂಡ್ ಲಿಂಡೆಮನ್. ಮಿನ್ನೆಸೋಟದ ಸೀಡರ್ ಬಾಗ್ ಎಂಬ ಪುಟ್ಟ ಕೆರೆಯ ಅಧ್ಯಯನದಿಂದ ಹುಟ್ಟಿದ ಅವನ ಪ್ರಬಂಧವನ್ನು ಪರಿಶೀಲಕರು ಮೊದಲು ತಳ್ಳಿಹಾಕಿದರು. ಅವನ ಹಿರಿಯ ಮಾರ್ಗದರ್ಶಕ ಈವ್ಲಿನ್ ಹಚಿನ್ಸನ್ ಪಟ್ಟು ಹಿಡಿದದ್ದರಿಂದ ಅದು 1942ರಲ್ಲಿ ಅಚ್ಚಾಯಿತು; ಅಷ್ಟರಲ್ಲಿ 26ರ ಲಿಂಡೆಮನ್ ತೀರಿಕೊಂಡಿದ್ದ. ಅವನ ಪಟ್ಟಿಯ ಪ್ರಕಾರ ಆ ಕೆರೆಯ ಸಸ್ಯಗಳು ಹಿಡಿದದ್ದು ಬಿಸಿಲಿನ ಶೇ 0.1; ಸಸ್ಯಾಹಾರಿಗಳ ದಕ್ಷತೆ ಶೇ 13.3, ಮಾಂಸಾಹಾರಿಗಳದು ಶೇ 22.3. ಹತ್ತು ಎಂಬ ದುಂಡು ಅಂಕಿ ಅಲ್ಲಿ ಇಲ್ಲವೇ ಇಲ್ಲ.

ಮುಂದಿನ ಎರಡು ದಶಕಗಳ ಕೆಲಸ ಪ್ರಶ್ನೆಯನ್ನೇ ಬದಲಿಸಿತು. ಹೋವರ್ಡ್ ಓಡಮ್ 1957ರಲ್ಲಿ ಪ್ರಕಟಿಸಿದ ಸಿಲ್ವರ್ ಸ್ಪ್ರಿಂಗ್ಸ್ ಚಿಲುಮೆಯ ಅಧ್ಯಯನ ಹೆಚ್ಚು ಪ್ರಸಿದ್ಧ. ನನಗೆ ಅದಕ್ಕಿಂತ ಮುಖ್ಯವೆನಿಸುವುದು 1960ರಲ್ಲಿ ಬಂದ ಫ್ರಾಂಕ್ ಗೋಲಿಯ ಲೆಕ್ಕ. ಮಿಷಿಗನ್ನಿನ ಬೀಳು ಹೊಲವೊಂದರಲ್ಲಿ ಇಲಿಗಳು ತಮಗೆ ಸಿಗುವ ಮೇವಿನಲ್ಲಿ ಶೇ 2ರಷ್ಟನ್ನೂ ತಿಂದಿರಲಿಲ್ಲ. ಜಾರ್ಜಿಯಾದ ಉಪ್ಪುನೀರಿನ ಜೌಗಿನಲ್ಲಿ ಜಾನ್ ಟೀಲ್ 1962ರಲ್ಲಿ ತೋರಿಸಿದ್ದೂ ಇದನ್ನೇ: ಹಸಿರಿನ ದೊಡ್ಡ ಪಾಲು ಯಾರ ಬಾಯಿಗೂ ಬೀಳದೆ ಒಣಗಿ, ಕೊಳೆತು, ಸೂಕ್ಷ್ಮಜೀವಿಗಳ ಮೂಲಕ ಹರಿಯುತ್ತದೆ. ಅಂದಮೇಲೆ ಯಾರು ಯಾರನ್ನು ತಿಂದರು ಎಂಬುದಕ್ಕಿಂತ, ತಿನ್ನದೆ ಉಳಿದದ್ದು ಎಲ್ಲಿಗೆ ಹೋಯಿತು ಎಂದು ಕೇಳಬೇಕು.

ಯಾದಗಿರಿ ಜಿಲ್ಲೆಯ ಬಳಿಚಕ್ರದ ಸುತ್ತಿನ ಬಯಲಿಗೆ ಕೇಳಬೇಕಾದದ್ದು ಈ ಪ್ರಶ್ನೆಯೇ. ಇಲ್ಲಿ ಜೋಳದ ತೆನೆ ಮನುಷ್ಯರಿಗೆ, ಅದರ ಒಣದಂಟಾದ ಕಣಕಿ ಎತ್ತಿಗೆ; ತೊಗರಿಯ ಹೊಟ್ಟು ಮೇವಿಗೆ, ಅದರ ಕಟ್ಟಿಗೆಯೂ ಹತ್ತಿ ಕಟ್ಟಿಗೆಯೂ ಒಲೆಗೆ; ಸಗಣಿ ಕುಳ್ಳಾದರೆ ಒಲೆಗೆ, ಇಲ್ಲವಾದರೆ ತಿಪ್ಪೆಗೆ. ಹತ್ತರಲ್ಲೊಂದು ಪಾಲಿನ ಸೂತ್ರ ಹಿಡಿದವರು, ಕುರಿ ದನ ಸಾಕುವುದೇ ಶಕ್ತಿಯ ದುಂದು, ಧಾನ್ಯವನ್ನು ನೇರ ಉಣ್ಣುವುದೇ ಜಾಣತನ ಎನ್ನಬಹುದು. ಧಾನ್ಯ ತಿನ್ನಿಸಿ ಮಾಂಸ ಬೆಳೆಸುವ ಕಡೆ ಆ ಮಾತು ನಿಜ. ಕಣಕಿಯನ್ನು ಮಾತ್ರ ಮನುಷ್ಯನ ಹೊಟ್ಟೆ ಅರಗಿಸಲಾರದು. ಎತ್ತಿನ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅರಗಿಸುತ್ತವೆ. ಸ್ಟುವರ್ಟ್ ಓಡೆಂಡಾಲ್ 1972ರಲ್ಲಿ ಪಶ್ಚಿಮ ಬಂಗಾಳದ ಸಿಂಗೂರಿನ ದನಗಳ ದುಡಿಮೆ, ಹಾಲು, ಸಗಣಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಾಗ ದಕ್ಷತೆ ಸುಮಾರು ಶೇ 17 ಬಂದಿತ್ತು. ಅವು ತಿನ್ನುತ್ತಿದ್ದದ್ದು ಬಹುಪಾಲು ಮನುಷ್ಯರು ತಿನ್ನಲಾರದ ಉಳಿಕೆ. ಕರ್ನಾಟಕದಲ್ಲೂ ಇಂಥ ಲೆಕ್ಕ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ ಕಟ್ಟಿದ 'ಅಸ್ತ್ರ' ಬಳಗ ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ ಸೌದೆ, ಎತ್ತು, ಮನುಷ್ಯರ ದುಡಿಮೆಗಳನ್ನು ಒಂದೇ ಕೋಷ್ಟಕದಲ್ಲಿ ಇಟ್ಟಿತು. ಎಲ್ಲಕ್ಕಿಂತ ದೊಡ್ಡ ಖರ್ಚು ಅಡುಗೆ ಒಲೆಯದಾಗಿತ್ತು. ಒಲೆಗೆ ಹೋದ ಕುಳ್ಳು ರೊಟ್ಟಿ ಬೇಯಿಸುತ್ತದೆ, ಆದರೆ ಮಣ್ಣಿನ ಹುಳುಹುಪ್ಪಟೆಗೆ ಸಿಗಬೇಕಾದ ಆಹಾರವನ್ನು ಕಸಿಯುತ್ತದೆ. ತಿಪ್ಪೆಗೊಬ್ಬರದಿಂದ ಹೊಲಕ್ಕೆ ಮರಳುವುದು ಸಾರಜನಕ, ರಂಜಕಗಳು. ಶಕ್ತಿ ಮರಳುವುದಿಲ್ಲ, ಮಣ್ಣಿನ ಜೀವಿಗಳನ್ನು ಸಾಕಿ, ಶಾಖವಾಗಿ ಹೊರಟುಹೋಗುತ್ತದೆ. ಸಾವಯವದ ಉತ್ಸಾಹಿಗಳು ಈ ಎರಡನ್ನೂ ಒಂದೇ ಚಕ್ರವೆಂದು ಬೆರೆಸುವುದುಂಟು.

ಊರು ಕೆರೆಯಂತೆ ದಡವಿರುವ ಘಟಕವಲ್ಲ, ಅದಕ್ಕೆ ಈ ಲೆಕ್ಕ ಹೊಂದದು ಎಂಬ ಆಕ್ಷೇಪವಿದೆ. ನಿಜಕ್ಕೂ ಕೆರೆಗೂ ದಡ ಗಟ್ಟಿಯಿಲ್ಲ: ಸುರಪುರ ತಾಲೂಕಿನ ಬೋನಾಳ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹೊಲದಲ್ಲಿ ಮೇಯ್ದು ನೀರಿಗೆ ಮರಳುತ್ತವೆ. ಗಡಿ ದಾಟುವುದನ್ನೂ ಬರೆದುಕೊಂಡರಾಯಿತು. ಹಾಗೆ ಬರೆದರೆ ನಾರಾಯಣಪುರದ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರಗಳ ಭತ್ತದ ಗದ್ದೆಗಳು ಹೆಚ್ಚು ಬಿಸಿಲು ಹಿಡಿಯುತ್ತಿವೆ ಎಂಬುದನ್ನು ಒಪ್ಪಬೇಕು. ಅದರ ಜೊತೆಗೇ ಹೊರಗಿನಿಂದ ಬರುವ ಡೀಸೆಲ್, ಯೂರಿಯಾಗಳನ್ನೂ ಖರ್ಚಿನ ಕಡೆ ಬರೆಯಬೇಕು. ಎತ್ತು ದುಡಿಯುತ್ತಿದ್ದದ್ದು ಹೊಲದ್ದೇ ಕಣಕಿಯಿಂದ; ಟ್ರ್ಯಾಕ್ಟರ್ ಬಂದಲ್ಲಿ ಆ ಕಣಕಿಯನ್ನು ತಿನ್ನುವ ಬಾಯಿಯೇ ಕಡಿಮೆಯಾಗುತ್ತದೆ. ಕಣಕಿಯ ಲೆಕ್ಕ ಬಿಟ್ಟು, ತಳಿಯ ಬೆಲೆಯನ್ನು ಕಾಳಿನ ತೂಕದಿಂದಷ್ಟೇ ಅಳೆಯುವವರಿಗೆ, ಹಿಂಗಾರಿ ಹೊಲಗಳಲ್ಲಿ ಹಳೆಯ ಮಾಲದಂಡಿ ಜೋಳ, ಅಂದರೆ ಎಂ 35-1, ಇಷ್ಟು ಕಾಲ ಹೇಗೆ ಉಳಿಯಿತೆಂಬುದು ಅರ್ಥವಾಗುವುದಿಲ್ಲ. ರೈತರು ಅದನ್ನು ಬಿಡದಿದ್ದದ್ದಕ್ಕೆ ರೊಟ್ಟಿಯ ರುಚಿಯಷ್ಟೇ ಅದರ ಕಣಕಿಯೂ ಕಾರಣ.