ಗೋಪುರಗಳ ನಡುವಿನ ಅಡ್ಡಸರಳು

1964ರ ಏಪ್ರಿಲ್‌ನಲ್ಲಿ ಬಂದ ಫೋರ್ಡ್ ಮಸ್ಟಾಂಗ್‌ಗೆ ಪ್ರತ್ಯೇಕ ಚಾಸಿ ಇರಲಿಲ್ಲ. ಫೋರ್ಡ್‌ನದೇ ಫಾಲ್ಕನ್ ಕಾರಿನ ಮಾದರಿಯಲ್ಲಿ ಬಾಡಿಯೇ ಎಲ್ಲ ಭಾರ ಹೊರಬೇಕಿತ್ತು. ಮುಂದಿನ ಸ್ಪ್ರಿಂಗುಗಳ ಒತ್ತಡವೆಲ್ಲ ಎಂಜಿನ್ನಿನ ಎಡಬಲದ ತಗಡಿನ ಗೋಪುರಗಳ ಮೇಲೆ. ಗುಂಡಿಗಳಲ್ಲಿ ಬಿದ್ದೆದ್ದು ಹಳೆಯದಾದಂತೆ ಅವು ಒಳಕ್ಕೆ ವಾಲುತ್ತವೆ, ಚಕ್ರಗಳ ಅಲೈನ್‌ಮೆಂಟ್ ಕೆಡುತ್ತದೆ.

ಫೋರ್ಡ್‌ಗೆ ಇದು ಗೊತ್ತಿತ್ತು. ಗೋಪುರಗಳನ್ನು ಹಿಡಿದಿಡಲು ಅಮೆರಿಕದ ಗಿರಾಕಿಗೆ ಎರಡು ಬಿಡಿ ಪಟ್ಟಿ. ಹೊರದೇಶದ ಒರಟು ರಸ್ತೆಗೆ ಹೊರಟ ಕಾರಿಗೆ ಮಾತ್ರ ಗಟ್ಟಿಯಾದ ಇಡೀ ಪಟ್ಟಿ! 1965ರಲ್ಲಿ ರೇಸ್ ಕಾರು ತಯಾರಕ ಕ್ಯಾರಲ್ ಶೆಲ್ಬಿ, ಮಸ್ಟಾಂಗ್‌ನಿಂದಲೇ ರೂಪಿಸಿದ ತನ್ನ ಜಿಟಿ350ಗೆ ಆ ಇಡೀ ಪಟ್ಟಿಯನ್ನೇ ಹಾಕಿ, ಗೋಪುರದಿಂದ ಗೋಪುರಕ್ಕೆ ಅಡ್ಡಸರಳನ್ನೂ ಬಿಗಿದ. 1963ರ ರ‍್ಯಾಲಿಯಲ್ಲಿ ಫಾಲ್ಕನ್‌ಗಳು ಓಡಿದ್ದ ಮಾಂಟೆ ಕಾರ್ಲೊ ಹೆಸರು ಆ ಸರಳಿಗೆ ಅಂಟಿತು.

ಈ ಸರಳನ್ನು ಮನೆಯಲ್ಲೇ ಮಾಡುವವರು ಉಕ್ಕಿನ ಪೈಪಿನ ತುದಿ ಬಡಿದು ಚಪ್ಪಟೆ ಮಾಡಿ, ತೂತು ಕೊರೆದು, ಬೋಲ್ಟ್ ಬಿಗಿಯುತ್ತಾರೆ. ಆದರೆ ವಾಲಿದ ಗೋಪುರಗಳನ್ನು ಮೊದಲು ಜಾಕ್ ಕೊಟ್ಟು ಅಗಲಿಸಬೇಕು. ಇಲ್ಲವಾದರೆ ವಾಲಿದ್ದನ್ನೇ ಭದ್ರಪಡಿಸಿದಂತಾಗುತ್ತದೆ.